ಗಲ್ಲಾದಲ್ಲಿ ಓಡುತ್ತದೆ, ಎಸಿ ಹಾಲಿನಲ್ಲಿ ಓಡುವುದಿಲ್ಲ

ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮವರ ಹೋಟೆಲುಗಳಲ್ಲಿ ಕೈಬರಹದ ಬಿಲ್ಲು ಈಗ ಅಪರೂಪ. ಗಲ್ಲಾದ ಮೇಲೆ ಒಂದು ಕಂಪ್ಯೂಟರ್, ಎಸಿ ಹಾಲಿನಲ್ಲಿ ಇನ್ನೊಂದು, ಅಡುಗೆಮನೆಯಲ್ಲಿ ಸಣ್ಣ ಪ್ರಿಂಟರ್. ನಾನು ಡೇಟಾಬೇಸ್ ಕೆಲಸದವನು ಎಂದು ತಿಳಿದ ಹೋಟೆಲಿನವರು ಮದುವೆ ಮನೆಯಲ್ಲಿ ಸಿಕ್ಕರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಗಲ್ಲಾದಲ್ಲಿ ಸರಿಯಾಗಿ ಓಡುತ್ತದೆ, ಮೇಲಿನ ಹಾಲಿನಲ್ಲಿ ಮಾತ್ರ ಸರ್ವರ್ ಸಿಗುವುದಿಲ್ಲ ಅನ್ನುತ್ತದೆ. ಸಾಫ್ಟ್‌ವೇರ್ ಒಂದೇ ಅಲ್ಲವಾ ಮಾರಾಯ್ರೆ?’

ಸಾಫ್ಟ್‌ವೇರ್ ಒಂದೇ, ದಾರಿ ಬೇರೆ. ಬಿಲ್ಲಿನ ಸಾಫ್ಟ್‌ವೇರಿನ ಹಿಂದೆ ಒಂದು ಡೇಟಾಬೇಸ್ ಇರುತ್ತದೆ. ಎಷ್ಟೋ ಕಡೆ ಅದು ಮೈಕ್ರೋಸಾಫ್ಟಿನ ಉಚಿತ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಅದರ ಜತೆ ಮಾತಾಡಲು ಮೂರು ಪ್ರೊಟೊಕಾಲುಗಳಿವೆ: ಶೇರ್ಡ್ ಮೆಮೊರಿ, ಟಿಸಿಪಿ/ಐಪಿ, ನೇಮ್ಡ್ ಪೈಪ್ಸ್. ಶೇರ್ಡ್ ಮೆಮೊರಿ ಎಂದರೆ ಒಂದೇ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ; ಡೇಟಾಬೇಸ್ ಇರುವ ಕಂಪ್ಯೂಟರಿನೊಳಗೆ ಮಾತ್ರ ಅದು ನಡೆಯುತ್ತದೆ. ಗಲ್ಲಾದ ಕಂಪ್ಯೂಟರ್ ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗುವುದರಿಂದ ನೆಟ್‌ವರ್ಕ್ ಪೂರ್ತಿ ಸತ್ತಿದ್ದರೂ ಅಲ್ಲಿ ಬಿಲ್ಲು ಬರುತ್ತದೆ. ಮೇಲಿನ ಹಾಲಿನಿಂದ ಬರುವವರಿಗೆ ಟಿಸಿಪಿ/ಐಪಿ ಬೇಕು. ಎಕ್ಸ್‌ಪ್ರೆಸ್‌ನಲ್ಲಿ ಅದು ಆರಂಭದಲ್ಲಿ ಮುಚ್ಚಿಯೇ ಇರುತ್ತದೆ, ಯಾರಾದರೂ ತೆರೆಯಬೇಕು. ಆದ್ದರಿಂದ ‘ಗಲ್ಲಾದಲ್ಲಿ ಓಡುತ್ತದೆ’ ಎಂಬುದರಿಂದ ಡೇಟಾಬೇಸ್ ಜೀವಂತವಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ದಾರಿಯ ಬಗ್ಗೆ ಏನೂ ತಿಳಿಯುವುದಿಲ್ಲ.

2020ರ ಅಕ್ಟೋಬರ್ 5ಕ್ಕೆ ಮಹಾರಾಷ್ಟ್ರದಲ್ಲಿ ಹೋಟೆಲುಗಳು ಅರ್ಧ ಆಸನಗಳ ನಿಯಮದೊಂದಿಗೆ ಮತ್ತೆ ತೆರೆದಿದ್ದವು. ಸರಿಯಾಗಿ ಒಂದು ವಾರಕ್ಕೆ, 12ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ವಿದ್ಯುತ್ ಗ್ರಿಡ್ ಕೈಕೊಟ್ಟಿತು. ಮುಂಬಯಿ, ಠಾಣೆ ಎಲ್ಲ ಕಡೆ ಕರೆಂಟಿಲ್ಲ, ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಮುಲುಂಡ್‌ನಲ್ಲಿ ಹೋಟೆಲ್ ಇರುವ ನನ್ನ ಪರಿಚಯದ ಶೆಟ್ರಿಗೆ ತಿಂಗಳುಗಟ್ಟಲೆ ಬಾಗಿಲು ಹಾಕಿದ ಮೇಲೆ ಸಿಕ್ಕಿದ ಮೊದಲ ವಾರ ಅದು. ಕರೆಂಟ್ ಬಂದಾಗ ಗಲ್ಲಾ ಸರಿ ಇತ್ತು, ಮೇಲಿನ ಹಾಲಿನ ಕಂಪ್ಯೂಟರ್ ಮಾತ್ರ ಬಿಲ್ಲು ಕೊಡಲಿಲ್ಲ. ಪರದೆಯ ಮೇಲೆ ‘ನೇಮ್ಡ್ ಪೈಪ್ಸ್ ಪ್ರೊವೈಡರ್, ಎರರ್ 40’. ಅವರ ಟೆಕ್ನಿಶಿಯನ್ ಅದನ್ನು ನೋಡಿ ನೇಮ್ಡ್ ಪೈಪ್ಸ್ ತೆರೆದ, ಏನೂ ಆಗಲಿಲ್ಲ. ಫೈರ್‌ವಾಲ್ ಪೂರ್ತಿ ಆರಿಸಿದ, ಆಗಲೂ ಇಲ್ಲ. ಆಮೇಲೆ ಶೆಟ್ರು ನನಗೆ ಫೋನ್ ಮಾಡಿದರು.

ಈ ಎರರ್ 40 ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಇಂಥ ಪ್ರೊಗ್ರಾಮ್ ಪ್ರೊಟೊಕಾಲುಗಳನ್ನು ಒಂದರ ನಂತರ ಒಂದು ಪ್ರಯತ್ನಿಸುತ್ತದೆ: ಮೊದಲು ಟಿಸಿಪಿ, ಅದು ಆಗದಿದ್ದರೆ ನೇಮ್ಡ್ ಪೈಪ್ಸ್. ಎರಡೂ ಸೋತರೆ ಕೊನೆಯದರ ಹೆಸರನ್ನು ಮಾತ್ರ ಹೇಳುತ್ತದೆ. ಕಾಯಿಲೆ ಟಿಸಿಪಿಯಲ್ಲಿ, ಔಷಧ ಪೈಪ್ಸ್‌ಗೆ! ಶೆಟ್ರ ಹೋಟೆಲಿನಲ್ಲಿ ಆದದ್ದು ಇಷ್ಟೇ: ರೌಟರಿಗೆ ಯುಪಿಎಸ್ ಇರಲಿಲ್ಲ, ಮತ್ತೆ ಎದ್ದಾಗ ಅದು ಗಲ್ಲಾದ ಕಂಪ್ಯೂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿತ್ತು. ಮೇಲಿನ ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ಬಡಿಯುತ್ತಲೇ ಇತ್ತು.

ಇನ್ನೊಂದು ಎರರ್ 26. ನಮ್ಮ ಸೊಸೈಟಿಗಳ ಲೆಕ್ಕದಲ್ಲಿ ಹೇಳುವುದಾದರೆ ಐಪಿ ವಿಳಾಸ ಎಂದರೆ ಬಿಲ್ಡಿಂಗ್, ಪೋರ್ಟ್ ಎಂದರೆ ಫ್ಲ್ಯಾಟ್ ನಂಬರ್. ಹೆಸರಿಲ್ಲದ ಡೀಫಾಲ್ಟ್ ಇನ್‌ಸ್ಟಾನ್ಸ್ ಇರುವುದು 1433ರಲ್ಲಿ. ಎಸ್‌ಕ್ಯೂಎಲ್‌ಎಕ್ಸ್‌ಪ್ರೆಸ್ ಎಂಬಂಥ ಹೆಸರಿದ್ದರೆ ಅದಕ್ಕೆ ಸಾಮಾನ್ಯವಾಗಿ ಗೊತ್ತಾದ ಫ್ಲ್ಯಾಟ್ ಇಲ್ಲ. ಕೆಳಗಿನ ವಾಚ್‌ಮನ್ನನ್ನು ಕೇಳಿಯೇ ಹೋಗಬೇಕು. ಯುಡಿಪಿ 1434ರಲ್ಲಿ ಕೂತಿರುವ ಎಸ್‌ಕ್ಯೂಎಲ್ ಬ್ರೌಸರ್ ಎಂಬ ಸರ್ವಿಸೇ ಆ ವಾಚ್‌ಮನ್. ಅವನು ಎದ್ದಿಲ್ಲ, ಅಥವಾ ಫೈರ್‌ವಾಲ್ ಅವನ ಕಿವಿ ಮುಚ್ಚಿದೆ ಎಂದಾದರೆ ಈ 26 ಬರುತ್ತದೆ.

ನನಗೆ ನಿಜವಾಗಿ ಭಯವಾಗುವುದು ಬಿಲ್ಲು ನಿಂತಾಗ ಅಲ್ಲ, ಅದನ್ನು ಹೇಗಾದರೂ ಓಡಿಸುವ ಆತುರಕ್ಕೆ. ಫೈರ್‌ವಾಲ್ ಆರಿಸುವುದು, ‘ಮನೆಯಿಂದಲೇ ರಿಪೇರಿ ಮಾಡುತ್ತೇನೆ’ ಎಂದು ರೌಟರಿನಲ್ಲಿ 1433ನ್ನು ಇಡೀ ಇಂಟರ್‌ನೆಟ್ಟಿಗೆ ತೆರೆದಿಡುವುದು, ಎಸ್‌ಎ ಎಂಬ ಯಜಮಾನ ಖಾತೆಗೆ ಹೋಟೆಲಿನ ಹೆಸರನ್ನೇ ಪಾಸ್‌ವರ್ಡ್ ಇಡುವುದು. ಇವು ಮೂರೂ ಒಂದೇ ಕಡೆ ಇರುವುದನ್ನು ನಾನು ಕಂಡಿದ್ದೇನೆ. ತೆರೆದ ಪೋರ್ಟುಗಳನ್ನು ಹಗಲೂ ರಾತ್ರಿ ಹುಡುಕುವ ಪ್ರೊಗ್ರಾಮುಗಳಿಗೆ ಅದು ಉಡುಪಿ ಹೋಟೆಲೋ ಬ್ಯಾಂಕೋ ಎಂಬ ಭೇದವಿಲ್ಲ. ಲೆಕ್ಕದ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದರೆ ಜಿಎಸ್‌ಟಿ ಲೆಕ್ಕಕ್ಕೆ ಎಲ್ಲಿಗೆ ಹೋಗುವುದು?

ಹಳೆಯ ಉದಾಹರಣೆಯೊಂದಿದೆ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ವರ್ಮ್ ಇದೇ 1434ರ ಬಾಗಿಲಿನಿಂದ ನುಗ್ಗಿತು. ಅದರ ಗಾತ್ರ 376 ಬೈಟ್, ಒಂದು ವಾಟ್ಸಾಪ್ ಸಂದೇಶದಷ್ಟು. ಸುಮಾರು 75,000 ಕಂಪ್ಯೂಟರುಗಳಿಗೆ ತಗಲಿತು, ಬಹುಪಾಲು ಮೊದಲ ಹತ್ತು ನಿಮಿಷದಲ್ಲೇ. ಅದನ್ನು ತಡೆಯುವ ಪ್ಯಾಚ್ ಆರು ತಿಂಗಳ ಹಿಂದೆ, 2002ರ ಜುಲೈಯಲ್ಲೇ ಬಂದಿತ್ತು. ಆದರೆ ಬೇರೆ ಸಾಫ್ಟ್‌ವೇರುಗಳ ಹೊಟ್ಟೆಯೊಳಗೆ ಸೇರಿಕೊಂಡಿದ್ದ ಎಂಎಸ್‌ಡಿಇ ಎಂಬ ಪುಟ್ಟ ಡೇಟಾಬೇಸ್ ತಮ್ಮಲ್ಲಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಇಂದಿನ ಎಕ್ಸ್‌ಪ್ರೆಸ್ ಆ ಎಂಎಸ್‌ಡಿಇಯ ಉತ್ತರಾಧಿಕಾರಿ.

ಶೆಟ್ರಲ್ಲಿ ಮಾಡಿದ್ದು ಅರ್ಧ ಗಂಟೆಯ ಕೆಲಸ. ಗಲ್ಲಾದ ಕಂಪ್ಯೂಟರಿಗೆ ರೌಟರಿನಲ್ಲೇ ಖಾಯಂ ವಿಳಾಸ ಕೊಡಿಸಿದೆ. ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಟಿಸಿಪಿ/ಐಪಿ ತೆರೆದಿರುವುದನ್ನು ನೋಡಿ, ‘ಐಪಿ ಆಲ್’ ಎಂಬಲ್ಲಿ ಡೈನಾಮಿಕ್ ಪೋರ್ಟ್ ಜಾಗ ಖಾಲಿ ಮಾಡಿ, ಪೋರ್ಟ್ 1433 ಎಂದು ಖಚಿತ ಮಾಡಿ, ಸರ್ವಿಸನ್ನು ನಿಲ್ಲಿಸಿ ಮತ್ತೆ ಶುರು ಮಾಡಿಸಿದೆ. ಇದನ್ನು ಮರೆತರೆ ಬದಲಾವಣೆ ಜಾರಿಗೆ ಬರುವುದಿಲ್ಲ. ನೇಮ್ಡ್ ಪೈಪ್ಸ್ ಮುಚ್ಚಿಸಿದೆ. ಫೈರ್‌ವಾಲ್ ಮತ್ತೆ ಹಚ್ಚಿಸಿ, ಆ ಒಂದು ಪೋರ್ಟಿಗೆ, ಅದೂ ಹೋಟೆಲಿನೊಳಗಿನ ನೆಟ್‌ವರ್ಕಿಗೆ ಮಾತ್ರ ಅನುಮತಿ. ಗಿರಾಕಿಗಳಿಗೆ ಕೊಡುವ ವೈಫೈ ಬೇರೆಯೇ ಇರಬೇಕೆಂದೂ ಹೇಳಿದೆ. ಮೇಲಿನ ಕಂಪ್ಯೂಟರಿನ ಸಂಪರ್ಕದ ಸಾಲಿನಲ್ಲಿ ವಿಳಾಸದ ಹಿಂದೆ ‘ಟಿಸಿಪಿ:’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಅದು ಬೇರೆ ದಾರಿ ಹುಡುಕುವುದಿಲ್ಲ, ಎರರ್ ಕೂಡ ಇದ್ದದ್ದನ್ನೇ ಹೇಳುತ್ತದೆ. ಪೋರ್ಟಿನ ಮುಂಚೆ ಇಲ್ಲಿ ಅಲ್ಪವಿರಾಮ ಬರುತ್ತದೆ, ಬ್ರೌಸರಿನಲ್ಲಿ ಹಾಕುವಂಥ ಎರಡು ಚುಕ್ಕೆಗಳಲ್ಲ.

ಬೇರೆ ಡೇಟಾಬೇಸುಗಳಲ್ಲೂ ಇದೇ ಕಥೆ. ಲಿನಕ್ಸ್‌ನ ಮೈಎಸ್‌ಕ್ಯೂಎಲ್‌ನಲ್ಲಿ ‘ಲೋಕಲ್‌ಹೋಸ್ಟ್’ ಎಂದರೆ ಒಳಗಿನ ಸಾಕೆಟ್, 127.0.0.1 ಎಂದರೆ ಟಿಸಿಪಿ. ಪೋಸ್ಟ್‌ಗ್ರೆಸ್ ಹೊಸದಾಗಿ ಹಾಕಿದಾಗ ತನ್ನ ಕಂಪ್ಯೂಟರಿನವರ ಮಾತು ಮಾತ್ರ ಕೇಳುತ್ತದೆ.

ಮುಂದಿನ ಸಲ ಮೇಲಿನ ಹಾಲಿನವರು ಕರೆದರೆ ಫೈರ್‌ವಾಲ್ ಮುಟ್ಟುವ ಮೊದಲು ಆ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆಗೆ ವಿಳಾಸ, ಪೋರ್ಟ್ ಕೊಟ್ಟು ನೋಡಿ. ಕೊನೆಯ ಸಾಲು ‘ಫಾಲ್ಸ್’ ಎಂದರೆ ವಿಳಾಸ, ಪೋರ್ಟ್, ಫೈರ್‌ವಾಲ್ ಈ ಮೂರನ್ನು ಅದೇ ಕ್ರಮದಲ್ಲಿ ನೋಡಿ. ‘ಟ್ರೂ’ ಎಂದು ಬಂದು, ಬಿಲ್ಲಿನ ಪರದೆಯಲ್ಲಿ ‘ಲಾಗಿನ್ ಫೇಲ್ಡ್, 18456’ ಕಂಡರೆ ದಾರಿ ಸರಿಯಿದೆ. ಹುಡುಕಬೇಕಾದದ್ದು ಯೂಸರ್ ಹೆಸರು, ಪಾಸ್‌ವರ್ಡಿನಲ್ಲಿ.