ನೂಲು ತೊಳೆದ ನೀರು, ಹಾರ್ಮೋನಿನ ವೇಷ

ಸ್ತನ ಕ್ಯಾನ್ಸರ್ ಸಂಶೋಧಕರಿಗೆಲ್ಲ ಎಂಸಿಎಫ್-7 ಎಂಬ ಜೀವಕೋಶಗಳು ಗೊತ್ತು. 1970ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಕ್ಯಾನ್ಸರ್ ಪೀಡಿತ ಕ್ರೈಸ್ತ ಸನ್ಯಾಸಿನಿಯೊಬ್ಬರ ದೇಹದಿಂದ ತೆಗೆದ ಕೋಶಗಳ ಸಂತತಿ ಇಂದಿಗೂ ಪ್ರಯೋಗಾಲಯಗಳಲ್ಲಿ ಬದುಕಿದೆ. ಈಸ್ಟ್ರೋಜನ್ ಹಾರ್ಮೋನು ಸಿಕ್ಕರೆ ಇವು ಭರದಿಂದ ಬೆಳೆಯುತ್ತವೆ, ಸಿಗದಿದ್ದರೆ ಸುಮ್ಮನಿರುತ್ತವೆ.

ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ ಮತ್ತು ಕಾರ್ಲೋಸ್ ಸೋನೆನ್‌ಶೈನ್ ಅವರ ಪ್ರಯೋಗಾಲಯದಲ್ಲಿ, 1980ರ ದಶಕದ ಕೊನೆಗೆ, ಹಾರ್ಮೋನು ಹಾಕದ ತಟ್ಟೆಗಳಲ್ಲೂ ಕೋಶಗಳು ದುಪ್ಪಟ್ಟಾಗತೊಡಗಿದವು. ಹುಡುಕುತ್ತ ಹೋದರೆ ಅಪರಾಧಿ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ಏನು ಬೆರೆಸಿದ್ದೀರೆಂದು ಕೇಳಿದರೆ ತಯಾರಕರು ವ್ಯಾಪಾರದ ಗುಟ್ಟೆಂದರು. ಕೊನೆಗೆ ಇವರೇ ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ನೋನೈಲ್‌ಫೀನಾಲ್. 1991ರಲ್ಲಿ ಅದು ಪ್ರಕಟವಾಯಿತು.

ಇದರಿಂದ ತಯಾರಾಗುವ ಎಥಾಕ್ಸಿಲೇಟುಗಳು ಜಿಡ್ಡು ಬಿಡಿಸುವುದರಲ್ಲಿ ಗಟ್ಟಿಗರು. ನೂಲು ತೊಳೆಯಲು, ಬಣ್ಣ ಸಮನಾಗಿ ಹಿಡಿಯಲು ಜವಳಿ ಉದ್ಯಮ ಇವನ್ನು ದಶಕಗಳಿಂದ ಬಳಸಿದೆ. ಬೆಳೆಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವಾಗ ಅದು ಎಲೆಯ ಮೇಲೆ ಹರಡಿ ಕೂರಲೆಂದು ಬೆರೆಸುವ ದ್ರಾವಣಗಳಲ್ಲೂ ಇದೇ ಬಳಗದವು ಇರುವುದುಂಟು. ಹಾಗಾಗಿ ರಬಕವಿ-ಬನಹಟ್ಟಿಯಂಥ ನೇಕಾರರ ಊರಿಗೂ ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಗೂ ಈ ಕಥೆ ಸಲ್ಲುತ್ತದೆ. ಮೋರಿಗೆ ಬಿದ್ದ ಎಥಾಕ್ಸಿಲೇಟಿನ ಉದ್ದ ಬಾಲವನ್ನು ಬ್ಯಾಕ್ಟೀರಿಯಾ ತುಂಡು ತುಂಡಾಗಿ ತಿಂದು ಮುಗಿಸುತ್ತವೆ. ಉಳಿಯುವುದು ಮತ್ತೆ ನೋನೈಲ್‌ಫೀನಾಲ್! ಕೊಳೆತರೆ ಒಳಿತಾಗುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗು. ಗಾಳಿಯಾಡದ ಹೂಳಿನಲ್ಲಿ ಅದು ಬಹುಕಾಲ ಉಳಿಯಬಲ್ಲದು. ಮುಧೋಳದ ಘಟಪ್ರಭೆ ಕೃಷ್ಣೆಯನ್ನು ಸೇರುವುದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ. ಮೇಲಿನ ಊರುಗಳ ಕೊಳೆಯ ಲೆಕ್ಕ ನೋಡಬೇಕೆಂದರೆ ನಾನಾದರೆ ಮೊದಲು ಅಲ್ಲಿನ ಕೆಸರನ್ನೇ ಎತ್ತಿಸುತ್ತೇನೆ.

ಮಾಲಿನ್ಯ ಕ್ಯಾನ್ಸರ್ ಕೋಶವನ್ನು ಹಾಳು ಮಾಡಿ ಕೊಂದರೆ ಯಾರಿಗೂ ಬೇಸರವಿಲ್ಲ. ತೊಂದರೆ ಇರುವುದು ಕೊಲ್ಲದೆ ಬೆಳೆಸುವ ವಸ್ತುಗಳಲ್ಲಿ. ಕೋಶದೊಳಗಿನ ಈಸ್ಟ್ರೋಜನ್ ಗ್ರಾಹಿಗೆ ನೋನೈಲ್‌ಫೀನಾಲ್ ಅಂಟಿಕೊಂಡರೂ ಆ ಗ್ರಾಹಿ ಡಿಎನ್ಎ ಹಿಡಿದು ವಿಭಜನೆಯ ಜೀನುಗಳನ್ನು ಎಬ್ಬಿಸುತ್ತದೆ. ಸ್ವಿಚ್ ಒತ್ತಿದ್ದು ಯಜಮಾನನೋ ಕೂಸೋ, ಪವರ್‌ಲೂಮ್ ಕೇಳುವುದಿಲ್ಲವಲ್ಲ. ಆದರೆ ನಿಜವಾದ ಹಾರ್ಮೋನಿಗೆ ಹೋಲಿಸಿದರೆ ಇದರ ಶಕ್ತಿ ಸಾವಿರಾರು ಪಟ್ಟು ಕಡಿಮೆ. ತಟ್ಟೆಯಲ್ಲಿ ಕೋಶ ಬೆಳೆದ ಮಾತ್ರಕ್ಕೆ ಬನಹಟ್ಟಿಯ ಯಾವುದೋ ಮನೆಯ ರೋಗಕ್ಕೆ ಬಣ್ಣದ ನೀರೇ ಕಾರಣವೆಂದು ಬೆರಳು ತೋರುವುದು ತಪ್ಪು. ವಯಸ್ಸು, ವಂಶವಾಹಿ, ಹೆರಿಗೆ ಮತ್ತು ಮೊಲೆಯೂಡಿಸಿದ ಇತಿಹಾಸ, ಮುಟ್ಟು ನಿಂತ ಮೇಲಿನ ಬೊಜ್ಜು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಹೊಗೆಯ ದಾರಿಯೇ ಬೇರೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಟ್ಟಾಗ ಬರುವ ಹೊಗೆಯಲ್ಲಿ ಬೆಂಜೊಪೈರೀನ್ ಇರುತ್ತದೆ. ದೇಹದ ಕಿಣ್ವಗಳು ಅದನ್ನು ಹೊರಹಾಕಲೆಂದು ಬದಲಿಸುವಾಗ ಹುಟ್ಟುವ ಒಂದು ರೂಪ ನೇರವಾಗಿ ಡಿಎನ್ಎಗೆ ಅಂಟುತ್ತದೆ, ಅಲ್ಲಿ ನಕಲು ತಪ್ಪುತ್ತದೆ. ಸ್ತನದ ಕೋಶಗಳಲ್ಲೂ ಈ ಕಿಣ್ವಗಳಿವೆ.

ಕೀಟನಾಶಕಗಳ ವಿಷಯದಲ್ಲಿ ಸಾಕ್ಷ್ಯ ಮನುಷ್ಯರವರೆಗೂ ಬಂದಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ಈಸ್ಟ್ರೋಜನ್ನಿನಂತೆ ನಟಿಸುತ್ತದೆಂದು ಸೋಟೊ ತಂಡ 1994ರಲ್ಲಿ ಇಂಥ ಕೋಶಗಳಲ್ಲೇ ತೋರಿಸಿತ್ತು. ಅದು ತಟ್ಟೆಯ ಮಾತು. ಡಿಡಿಟಿಯದು ಹಾಗಲ್ಲ. ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 1967ರವರೆಗೆ ಮಹಿಳೆಯರಿಂದ ತೆಗೆದಿಟ್ಟ ರಕ್ತವನ್ನು ಪರೀಕ್ಷಿಸಿದ ಬಾರ್ಬರಾ ಕೋನ್ ಅವರ ತಂಡ 2007ರಲ್ಲಿ ಫಲಿತಾಂಶ ಪ್ರಕಟಿಸಿತು: ಹದಿನಾಲ್ಕು ತುಂಬುವ ಮೊದಲೇ ಡಿಡಿಟಿಗೆ ಒಡ್ಡಿಕೊಂಡು, ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ಐವತ್ತರೊಳಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಐದು ಪಟ್ಟು. ದೊಡ್ಡವರಾದ ಮೇಲೆ ಒಡ್ಡಿಕೊಂಡವರಲ್ಲಿ ಆ ನಂಟು ಕಾಣಲಿಲ್ಲ. ಸ್ತನದ ಅಂಗಾಂಶ ರೂಪುಗೊಳ್ಳುವ ವಯಸ್ಸೇ ಸೂಕ್ಷ್ಮ. ಆಗ ರಕ್ತ ಕೊಟ್ಟ ತಾಯಂದಿರ ಹೆಣ್ಣುಮಕ್ಕಳನ್ನೂ ತಂಡ ಹಿಂಬಾಲಿಸಿತು. 2015ರ ಫಲಿತಾಂಶದಂತೆ, ತಾಯಿಯ ರಕ್ತದಲ್ಲಿ ಡಿಡಿಟಿಯ ಒಂದು ರೂಪ ಅತಿ ಹೆಚ್ಚಿದ್ದಲ್ಲಿ ಮಗಳಿಗೆ ಅಪಾಯ ಸುಮಾರು ನಾಲ್ಕು ಪಟ್ಟು.