ಕಾರಿನ ಕಿಟಕಿ ಏಕೆ ನಿಧಾನವಾಯಿತು?

ಮಕ್ಕಳೇ, ಸೋಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರು ದಾರಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರ ಕಾರುಗಳು ಈ ದಾರಿಯಲ್ಲಿ ದಿನವೂ ಓಡಾಡುತ್ತವೆ. ಅವುಗಳಲ್ಲಿ ಹೊಸವೂ ಇವೆ, ಹಳೆಯವೂ ಇವೆ. ಹೊಸ ಕಾರಿನಲ್ಲಿ ಗುಂಡಿ ಒತ್ತಿದರೆ ಕಿಟಕಿಯ ಗಾಜು ಸರ್ರನೆ ಏರುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಅದೇ ಗಾಜು ದಿನ್ನೆ ಏರುವ ಎತ್ತಿನ ಬಂಡಿಯಂತೆ ತಡೆದು ತಡೆದು ಏರುತ್ತದೆ. ಹೀಗೇಕೆ ಆಗುತ್ತದೆ? ಅದನ್ನು ಸರಿಪಡಿಸುವುದು ಹೇಗೆ? ಬನ್ನಿ, ತಿಳಿದುಕೊಳ್ಳೋಣ.

ಬಾಗಿಲಿನ ಒಳಗೆ ಏನಿದೆ?

ಮೊದಲು ಎಲ್ಲ ಕಾರುಗಳ ಗಾಜನ್ನು ಕೈಯಿಂದಲೇ ಏರಿಸುತ್ತಿದ್ದರು. ಬಾಗಿಲಿಗೆ ಒಂದು ಹಿಡಿಕೆ ಇರುತ್ತಿತ್ತು. ಅದನ್ನು ಗಿರಗಿರನೆ ತಿರುಗಿಸಬೇಕಾಗಿತ್ತು. ಅಮೇರಿಕೆಯ ಪ್ಯಾಕಾರ್ಡ್ ಕಂಪನಿಯು 1940ರ ಸುಮಾರಿಗೆ ಗುಂಡಿ ಒತ್ತಿದರೆ ಏರುವ ಕಿಟಕಿಯನ್ನು ತನ್ನ ದುಬಾರಿ ಕಾರುಗಳಲ್ಲಿ ಅಳವಡಿಸಿತು. ಮುಂದೆ ವಿದ್ಯುತ್ ಮೋಟಾರಿನಿಂದ ನಡೆಯುವ ಕಿಟಕಿಗಳು ಎಲ್ಲೆಡೆ ಹರಡಿದವು.

ಈ ಕಿಟಕಿಯ ಕೆಲಸ ಬಾಗಿಲಿನ ಹೊಟ್ಟೆಯಲ್ಲಿ ನಡೆಯುತ್ತದೆ. ಅಲ್ಲಿ ಒಂದು ಚಿಕ್ಕ ಮೋಟಾರು ಇದೆ. ಮೋಟಾರಿಗೆ ಹಲ್ಲಿನ ಗಾಲಿಗಳು ಜೋಡಿಸಿರುತ್ತವೆ. ಅವು ಕತ್ತರಿಯಂತೆ ಮಡಚಿ ಬಿಚ್ಚುವ ಕಬ್ಬಿಣದ ತೋಳನ್ನು ನಡೆಸುತ್ತವೆ. ಕೆಲವು ಕಾರುಗಳಲ್ಲಿ ತೋಳಿನ ಬದಲು ಉಕ್ಕಿನ ತೆಳು ಹಗ್ಗ ಇರುತ್ತದೆ. ತೋಳು ಅಥವಾ ಹಗ್ಗವು ಗಾಜನ್ನು ಮೇಲೆತ್ತುತ್ತದೆ. ಗಾಜಿನ ಎರಡೂ ಅಂಚುಗಳು ರಬ್ಬರಿನ ಚಾನಲ್‌ಗಳಲ್ಲಿ ಜಾರುತ್ತವೆ.

ಮೋಟಾರಿಗೆ ವಿದ್ಯುತ್ತು ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಬರುತ್ತದೆ. ಅದು ಫ್ಯೂಜು, ಗುಂಡಿ ಮತ್ತು ಉದ್ದನೆಯ ತಂತಿಗಳನ್ನು ದಾಟಿ ಬರಬೇಕು.

ಇನ್ನು ಸ್ಪೋರ್ಟ್ಸ್ ಕಾರಿನ ಮಾತು. ಇವು ವೇಗಕ್ಕಾಗಿ ಮಾಡಿದ, ತಗ್ಗಾದ ಕಾರುಗಳು. ಹೆಚ್ಚಾಗಿ ಎರಡೇ ಬಾಗಿಲು ಇರುತ್ತವೆ. ನಮ್ಮ ದೇಶದಲ್ಲಿಯೂ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿಯು 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನಗಳ ಕಾರನ್ನು ಹೊರತಂದಿತ್ತು. ಎರಡೇ ಬಾಗಿಲಿನ ಕಾರುಗಳಲ್ಲಿ ಬಾಗಿಲು ಉದ್ದ. ಬಾಗಿಲು ಉದ್ದವಾದರೆ ಗಾಜೂ ದೊಡ್ಡದು, ಭಾರವೂ ಹೆಚ್ಚು. ಆದ್ದರಿಂದ ಇಂಥ ಕಾರು ಹಳೆಯದಾದಾಗ ಕಿಟಕಿಯ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ.

ಎರಡು ಕಳ್ಳರು

ಕಿಟಕಿಯ ವೇಗವನ್ನು ಕದಿಯುವ ಕಳ್ಳರು ಮುಖ್ಯವಾಗಿ ಇಬ್ಬರು.

ಮೊದಲನೆಯವನು ಘರ್ಷಣೆ. ಸೋಲಾಪುರದಲ್ಲಿ ಚಾದರ ನೇಯುವ ಮಗ್ಗಗಳನ್ನು ನೀವು ನೋಡಿರಬಹುದು. ಹತ್ತಿಯ ನವಿರಾದ ಧೂಳು ಎಣ್ಣೆಯೊಡನೆ ಸೇರಿ ಮಗ್ಗದ ಭಾಗಗಳಿಗೆ ಅಂಟಿಕೊಳ್ಳುತ್ತದೆ. ಅದನ್ನು ಆಗಾಗ ಒರೆಸದಿದ್ದರೆ ಮಗ್ಗ ಬಿಗಿಯಾಗುತ್ತದೆ. ಕಾರಿನ ಬಾಗಿಲಿನಲ್ಲಿಯೂ ಹಾಗೆಯೇ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ರಬ್ಬರು ಒಣಗಿ ಗಡುಸಾಗುತ್ತದೆ. ಕಬ್ಬಿಣದ ತೋಳಿಗೆ ಹಚ್ಚಿದ ಗ್ರೀಸು ವರ್ಷಗಳು ಕಳೆದಂತೆ ಧೂಳು ಹಿಡಿದು ಮೇಣದಂತೆ ಗಟ್ಟಿಯಾಗುತ್ತದೆ.

ಎರಡನೆಯವನು ವೋಲ್ಟೇಜಿನ ಇಳಿತ. ಸಂಜೆ ಎಲ್ಲರ ಮನೆಯಲ್ಲಿ ದೀಪ ಹತ್ತಿದಾಗ ಕೆಲವು ಊರುಗಳಲ್ಲಿ ವೋಲ್ಟೇಜು ಇಳಿಯುತ್ತದೆ. ಆಗ ಪಂಖಾ ನಿಧಾನವಾಗಿ ತಿರುಗುತ್ತದೆ, ಅಲ್ಲವೇ? ಕಾರಿನ ಮೋಟಾರೂ ವೋಲ್ಟೇಜು ಇಳಿದರೆ ನಿಧಾನವಾಗುತ್ತದೆ. ಗುಂಡಿಯ ಒಳಗಿನ ತಾಮ್ರದ ತುದಿಗಳು ಕಪ್ಪಾಗಿರಬಹುದು. ಬಾಗಿಲನ್ನು ಸಾವಿರಾರು ಸಲ ತೆರೆದು ಮುಚ್ಚುವುದರಿಂದ ಕೀಲಿನ ಬಳಿಯ ತಂತಿಯ ಎಳೆಗಳು ಒಂದೊಂದಾಗಿ ತುಂಡಾಗಿರಬಹುದು. ಹೊರಗಿನಿಂದ ತಂತಿ ಸರಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ವಿದ್ಯುತ್ತಿಗೆ ದಾರಿ ಕಿರಿದಾಗಿರುತ್ತದೆ.

ಮಿಸ್ತ್ರಿಯ ಪರೀಕ್ಷೆ

ಇಂಥ ಒಂದು ಹಳೆಯ ಕಾರು ಸೋಲಾಪುರದ ಗ್ಯಾರೇಜಿಗೆ ಬಂದಿದೆ ಎಂದು ತಿಳಿಯೋಣ. "ಮೋಟಾರು ಕೆಟ್ಟಿದೆ, ಹೊಸದು ಹಾಕಿ" ಎನ್ನುತ್ತಾನೆ ಮಾಲಕ. ಜಾಣ ಮಿಸ್ತ್ರಿ ಅವಸರ ಪಡುವುದಿಲ್ಲ. ಮೊದಲು ಮೂರು ಪರೀಕ್ಷೆ ಮಾಡುತ್ತಾನೆ.

ಒಂದು: ಇಂಜಿನ್ ನಿಂತಿರುವಾಗ ಗಾಜು ಏರಿಸಿ ನೋಡುತ್ತಾನೆ. ಬಳಿಕ ಇಂಜಿನ್ ಚಾಲು ಮಾಡಿ ನೋಡುತ್ತಾನೆ. ಇಂಜಿನ್ ನಡೆಯುವಾಗ ಸುಮಾರು 14 ವೋಲ್ಟ್ ಸಿಗುವುದರಿಂದ ಗಾಜು ತುಸು ಚುರುಕಾಗುವುದು ಸಹಜ. ಆದರೆ ಬಹಳ ಚುರುಕಾದರೆ ಬ್ಯಾಟರಿಯನ್ನು ಪರೀಕ್ಷಿಸಬೇಕು.

ಎರಡು: ಗುಂಡಿ ಒತ್ತಿದಾಗ ಗಾಜಿನ ಎರಡೂ ಮೈಗೆ ಅಂಗೈ ಇಟ್ಟು ಮೆಲ್ಲನೆ ಮೇಲಕ್ಕೆ ಆಸರೆ ಕೊಡುತ್ತಾನೆ. ಗಾಜು ಹಗುರಾಗಿ ಏರಿದರೆ ಘರ್ಷಣೆಯ ಮೇಲೆ ಸಂಶಯ ಬರುತ್ತದೆ.

ಮೂರು: ಮೀಟರು ಹಚ್ಚಿ, ಗುಂಡಿ ಒತ್ತಿದ ಸಮಯದಲ್ಲಿಯೇ ವೋಲ್ಟೇಜು ಅಳೆಯುತ್ತಾನೆ. ಬ್ಯಾಟರಿಯ ಬಳಿ 12 ವೋಲ್ಟ್ ಇದೆ, ಮೋಟಾರಿನ ಬಳಿ 9 ವೋಲ್ಟ್ ಮಾತ್ರ ಇದೆ ಎನ್ನೋಣ. ಹಾಗಾದರೆ 3 ವೋಲ್ಟ್ ದಾರಿಯಲ್ಲಿಯೇ ಕಳೆದುಹೋಯಿತು. ಅದು ಎಲ್ಲಿ ಕಳೆಯಿತೆಂದು ಗುಂಡಿಯ ಬಳಿ, ಕೀಲಿನ ಬಳಿ ಅಳೆಯುತ್ತ ಹೋದರೆ ಕಳ್ಳ ಸಿಗುತ್ತಾನೆ.

ದುರಸ್ತಿ

ಮಿಸ್ತ್ರಿ ಬ್ಯಾಟರಿಯ ತಂತಿ ಬಿಚ್ಚಿ, ಗಾಜು ಕೆಳಗೆ ಬೀಳದಂತೆ ಆಸರೆ ಕೊಟ್ಟು, ಬಾಗಿಲಿನ ಒಳ ಹಲಗೆ ತೆಗೆಯುತ್ತಾನೆ. ರಬ್ಬರಿನ ಚಾನಲ್‌ನ ಧೂಳನ್ನು ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾನೆ. ಅದು ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಸಿಂಪಡಿಸುತ್ತಾನೆ. ಇಲ್ಲಿ ಇಂಜಿನ್ ಎಣ್ಣೆಯಾಗಲಿ, ಸೀಮೆಎಣ್ಣೆಯಾಗಲಿ ಹಾಕಬಾರದು. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಎಣ್ಣೆಗೆ ಧೂಳೂ ಅಂಟುತ್ತದೆ. ಕಬ್ಬಿಣದ ತೋಳಿನ ಹಳೆಯ ಗ್ರೀಸು ಕೆರೆದು ಹೊಸ ಗ್ರೀಸು ಹಚ್ಚಬೇಕು.

ಗುಂಡಿಯ ಕಪ್ಪಾದ ತುದಿಗಳನ್ನು ಸ್ವಚ್ಛಗೊಳಿಸಬೇಕು. ಎಳೆ ತುಂಡಾದ ತಂತಿಗೆ ಬದಲಾಗಿ ಅದೇ ದಪ್ಪದ ಹೊಸ ತಂತಿ ಹಾಕಬೇಕು. ಕೆಲವರು ದೊಡ್ಡ ಫ್ಯೂಜು ಹಾಕಿದರೆ ಕಿಟಕಿ ಚುರುಕಾಗುವುದೆಂದು ತಿಳಿಯುತ್ತಾರೆ. ಅದು ತಪ್ಪು. ಫ್ಯೂಜು ಇರುವುದು ಕಾವಲಿಗೆ. ದೊಡ್ಡದು ಹಾಕಿದರೆ ತಂತಿ ಕಾದು ಬೆಂಕಿ ಹತ್ತಬಹುದು.

ಇಷ್ಟೆಲ್ಲ ಮಾಡಿದರೂ ಗಾಜು ನಿಧಾನವಾದರೆ ಆಗ ಮೋಟಾರಿನ ಸರದಿ. ಅದರ ಒಳಗಿನ ಇಂಗಾಲದ ಬ್ರಶ್‌ಗಳು ಸವೆದಿರಬಹುದು. ಆಗ ಮೋಟಾರು ಬದಲಿಸುವುದು ಸರಿ. ಕಾರಣ ಹುಡುಕದೆ ಮೊದಲೇ ಬದಲಿಸಿದ್ದರೆ? ಬಿಗಿಯಾದ ಚಾನಲ್‌ನಲ್ಲಿ ಎಳೆದೆಳೆದು ಹೊಸ ಮೋಟಾರೂ ಬೇಗ ದಣಿಯುತ್ತಿತ್ತು. ಮಾಲಕನ ಹಣವೂ ಹೋಗುತ್ತಿತ್ತು.

ನಿಮಗೊಂದು ಎಚ್ಚರಿಕೆ

ಕಾರಿನ ಕಿಟಕಿ ಆಟದ ವಸ್ತುವಲ್ಲ. ಅನೇಕ ಹೊಸ ಕಾರುಗಳಲ್ಲಿ ಅಡ್ಡ ಏನಾದರೂ ಸಿಕ್ಕರೆ ಗಾಜು ತಾನೇ ಕೆಳಗಿಳಿಯುವ ಏರ್ಪಾಡು ಇದೆ. ಹಳೆಯ ಕಾರುಗಳಲ್ಲಿ ಅದು ಇರುವುದಿಲ್ಲ. ಗಾಜು ನಿಧಾನವಾಗಿ ಏರುತ್ತಿದ್ದರೂ ಬೆರಳು, ಕೈ, ಕುತ್ತಿಗೆ ಸಿಕ್ಕರೆ ಬಿಡುವುದಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡಿರಿ. ಗುಂಡಿ ಒತ್ತುವ ಮೊದಲು ತಮ್ಮ ತಂಗಿಯರ ಕೈ ಎಲ್ಲಿದೆ ನೋಡಿರಿ.

ಇನ್ನೊಂದು ಮಾತು. ಹೊರಗೆ 40 ಡಿಗ್ರಿ ಬಿಸಿಲಿದ್ದರೆ, ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ ಸುಮಾರು 55 ಡಿಗ್ರಿ ಆಗಬಹುದು. ಕಿಟಕಿಯನ್ನು ಬೆರಳಗಲ ತೆರೆದಿಟ್ಟರೂ ಶಾಖ ಹೆಚ್ಚು ಇಳಿಯುವುದಿಲ್ಲ. ಆದ್ದರಿಂದ "ಐದು ನಿಮಿಷ ಕೂತಿರು" ಎಂದು ಯಾರಾದರೂ ಹೇಳಿದರೂ ಕಾರಿನಲ್ಲಿ ಒಬ್ಬರೇ ಕುಳಿತಿರಬೇಡಿರಿ. ಅವರ ಜೊತೆಯಲ್ಲಿಯೇ ಇಳಿದು ಹೋಗಿರಿ.

ಶಬ್ದಾರ್ಥ
ಘರ್ಷಣೆ – ಒಂದಕ್ಕೊಂದು ಉಜ್ಜುವುದು
ದಿನ್ನೆ – ಎತ್ತರದ ನೆಲ
ಪಂಖಾ – ಬೀಸಣಿಗೆ ಯಂತ್ರ, ಫ್ಯಾನು
ಮಿಸ್ತ್ರಿ – ಯಂತ್ರ ದುರಸ್ತಿ ಮಾಡುವವನು

ಸ್ವಾಧ್ಯಾಯ
1. ಕಿಟಕಿಯ ವೇಗವನ್ನು ಕದಿಯುವ ಇಬ್ಬರು ಕಳ್ಳರು ಯಾರು?
2. ಮೀಟರು ಬ್ಯಾಟರಿಯ ಬಳಿ 12 ವೋಲ್ಟ್, ಗುಂಡಿಯನ್ನು ದಾಟಿದ ಮೇಲೆ 10 ವೋಲ್ಟ್, ಮೋಟಾರಿನ ಬಳಿಯೂ 10 ವೋಲ್ಟ್ ತೋರಿಸಿತು. ಹಾಗಾದರೆ ಕೀಲಿನ ಬಳಿಯ ತಂತಿ ಕೆಟ್ಟಿದೆಯೇ? ಕಾರಣ ಹೇಳಿರಿ.
3. ಮಿಸ್ತ್ರಿಯು ಮೋಟಾರನ್ನು ಕೊನೆಗೆ ಏಕೆ ಪರೀಕ್ಷಿಸಿದನು?

ಉಪಕ್ರಮ
ನಿಮ್ಮ ಮನೆಯಲ್ಲಿ ಬಿಗಿಯಾಗಿ ನಡೆಯುವ ಒಂದು ವಸ್ತುವನ್ನು ಹುಡುಕಿರಿ. ಅದು ಬಾಗಿಲಿನ ಚಿಲಕವಿರಬಹುದು, ಪೆಟ್ಟಿಗೆಯ ಬೀಗವಿರಬಹುದು. ಅದು ಏಕೆ ಬಿಗಿಯಾಗಿದೆ ಎಂಬುದನ್ನು ಹಿರಿಯರ ಜೊತೆಗೆ ನೋಡಿ, ಐದು ವಾಕ್ಯಗಳಲ್ಲಿ ಬರೆಯಿರಿ.