ಹಳೆಯ ದೋಣಿಗೆ ಹೊಸ ಮುಚ್ಚಳ

1940ನೆಯ ಇಸವಿ ಜೂನ್ 1. ಇಂಗ್ಲೆಂಡಿನ ರ‍್ಯಾಮ್ಸ್‌ಗೇಟ್ ಬಂದರಿನಿಂದ ‘ಸನ್‌ಡೌನರ್’ ಎಂಬ ಮೋಟಾರು ದೋಣಿಯೊಂದು ಫ್ರಾನ್ಸಿನ ಡನ್‌ಕರ್ಕಿನತ್ತ ಹೊರಟಿತು. ಅದರ ಒಡೆಯ ಅರುವತ್ತಾರು ವರ್ಷದ ಚಾರ್ಲ್ಸ್ ಲೈಟಾಲರ್; 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ ಬದುಕುಳಿದ ಅಧಿಕಾರಿಗಳಲ್ಲೆಲ್ಲ ಹಿರಿಯ. ಸಂಗಡ ಇದ್ದವರು ಹಿರಿಯ ಮಗ ಹಾಗೂ ಒಬ್ಬ ತರುಣ ಸ್ಕೌಟ್. ಇಪ್ಪತ್ತೊಂದು ಜನರಿಗಿಂತ ಹೆಚ್ಚು ಮಂದಿಯನ್ನು ಎಂದೂ ಹೊತ್ತಿರದ ಆ ದೋಣಿ ಅಂದು ಸುಮಾರು 130 ಸೈನಿಕರನ್ನು ಹೊತ್ತು ಮರಳಿತು. ಒಳಗಿನ ಕೋಣೆ ತುಂಬಿದ ಮೇಲೆ ಡೆಕ್ಕಿನ ಮೇಲೂ ಜನ ಒತ್ತಾಗಿ ಮಲಗಿದರು.

ಆ ಕೆಲವೇ ದಿನಗಳಲ್ಲಿ ಡನ್‌ಕರ್ಕಿನಿಂದ ಪಾರಾದವರು 3,38,226 ಮಂದಿ. ಅವರಿಗೆ ನೆರವಾದ ಸಣ್ಣ ದೋಣಿಗಳು ಸುಮಾರು ಏಳುನೂರು. ಉಳಿದಿರುವ ದೋಣಿಗಳ ಒಡೆಯರು 1965ರಲ್ಲಿ, ಆ ಸಾಹಸದ ಇಪ್ಪತ್ತೈದನೆಯ ವರ್ಷದಂದು, ಮತ್ತೆ ಡನ್‌ಕರ್ಕಿಗೆ ಹೋಗಿಬಂದರು. ಅನಂತರ ಒಂದು ಸಂಘವನ್ನೂ ಕಟ್ಟಿಕೊಂಡರು. ಸಂಘ ಕಟ್ಟುವುದು ಸುಲಭ. ದೋಣಿಯನ್ನು ತೇಲಿಸಿಕೊಂಡಿರುವುದು ಕಷ್ಟ. ಗುಂಡಿನ ಸುರಿಮಳೆಯನ್ನು ಜಯಿಸಿ ಬಂದ ದೋಣಿಯನ್ನು ಮುದಿತನದಲ್ಲಿ ಒಂದು ಹನಿ ಮಳೆನೀರು ಸೋಲಿಸಬಲ್ಲದು ಎಂದರೆ ಯಾರಾದರೂ ನಂಬುವರೇ?

ಆ ಹನಿ ಒಳನುಗ್ಗುವ ದಾರಿಯೇ ಡೆಕ್ಕಿನ ಮುಚ್ಚಳ. ಯಂತ್ರದ ಬಳಿಗೂ ಒಳಕೋಣೆಗೂ ಇಳಿಯಲು ಡೆಕ್ಕಿನಲ್ಲಿ ಬಾಯಿಗಳಿರುತ್ತವೆ. ಅವುಗಳನ್ನು ಮುಚ್ಚುವುದು ಮರದ ಹಲಗೆ. ಬಿಸಿಲು ಅದನ್ನು ಸೀಳುತ್ತದೆ. ನಡೆದಾಡುವವರ ಕಾಲು ಅದನ್ನು ಸವೆಸುತ್ತದೆ. ಉಪ್ಪುನೀರು ಮರವನ್ನು ಒಂದಿಷ್ಟು ಕಾಯುತ್ತದೆ. ಕೊಳೆಸುವುದು ಸಿಹಿಯಾದ ಮಳೆನೀರು. ಮರದಲ್ಲಿನ ತೇವ ಅದರ ಒಣತೂಕದ ಶೇಕಡ 20ನ್ನು ಮೀರಿತೆಂದರೆ ಶಿಲೀಂಧ್ರಕ್ಕೆ ಹಬ್ಬ. ಮುಚ್ಚಳದ ಮೂಲೆಯಲ್ಲಿ ಹುಟ್ಟಿದ ಕೊಳೆತ ಕೆಳಗಿನ ಚೌಕಟ್ಟಿಗೂ, ಅಲ್ಲಿಂದ ಡೆಕ್ಕನ್ನು ಹೊತ್ತ ತೊಲೆಗೂ ಇಳಿಯುತ್ತದೆ. ದಬ್ಬಳದಿಂದ ಚುಚ್ಚಿದಾಗ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಆ ಮುಚ್ಚಳದ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಆದರೆ ಬಲ್ಲ ಬಡಗಿಯು ಹಳೆಯ ಮುಚ್ಚಳವನ್ನು ಕೂಡಲೇ ಒಲೆಗೆ ಹಾಕುವುದಿಲ್ಲ. ಹೊಸದಕ್ಕೆ ಅದೇ ಗುರು, ಅದೇ ಅಚ್ಚು. ವರ್ಷಗಳು ಕಳೆದಂತೆ ದೋಣಿ ಕೊಂಚ ಸೊಟ್ಟಗಾಗಿರುತ್ತದೆ. ಚೌಕವೆಂದು ಕಣ್ಣು ಹೇಳುವ ಬಾಯಿಯ ಎರಡು ಕರ್ಣಗಳನ್ನು ಅಳೆದರೆ ಒಂದು ಉದ್ದ, ಒಂದು ಗಿಡ್ಡ. ಮಳೆನೀರು ಹರಿದುಹೋಗಲೆಂದು ಡೆಕ್ಕಿಗೆ ಕೊಟ್ಟಿರುವ ಬಾಗು ಮುಚ್ಚಳಕ್ಕೂ ಬರಬೇಕು.

ಮರವೆಂದರೆ ತೇಗವೇ ಸರಿ. ಮಲಬಾರಿನ ತೇಗದಿಂದ 1817ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ನೀರಿನ ಮೇಲೆಯೇ ಇದೆ. ತೇಗವನ್ನು ಕಾಯುವ ಎಣ್ಣೆಯಂಶವೇ ಅಂಟಿಗೆ ಶತ್ರು. ಆದುದರಿಂದ ಅಂಟು ಹಚ್ಚುವ ಮುನ್ನ ಮರವನ್ನು ಅಸಿಟೋನಿನಿಂದ ಒರೆಸುತ್ತಾರೆ. ಕಬ್ಬಿಣದ ತಿರುಪು ಮೊಳೆ ತುಕ್ಕು ಹಿಡಿಯುತ್ತದೆ, ಹಿತ್ತಾಳೆಯು ಸಮುದ್ರದ ನೀರಿಗೆ ತನ್ನ ಸತುವನ್ನು ಕಳೆದುಕೊಂಡು ಪುಡಿಯಾಗುತ್ತದೆ, ಕಂಚು ಬಾಳುತ್ತದೆ. ಮೊಳೆಯ ತಲೆಯನ್ನು ಹಲಗೆಯೊಳಗೆ ಇಳಿಸಿ, ಅದೇ ಮರದ ಸಣ್ಣ ಬೆಣೆಯನ್ನು ಎಳೆಗೆ ಎಳೆ ಕೂಡುವಂತೆ ಮೇಲೆ ಹೊಡೆಯುತ್ತಾರೆ. ವಾರ್ನಿಷನ್ನು ಮೇಲ್ಮೈಗೆ ಮಾತ್ರ ಬಳಿದರೆ ಹಲಗೆ ಡೊಂಕಾಗುವುದು. ಕಣ್ಣಿಗೆ ಬೀಳದ ಅಡಿಮೈಗೂ ಅಷ್ಟೇ ಉಪಚಾರ ಬೇಕು.

ದೋಣಿಯ ಮುಂಭಾಗದ ಮುಚ್ಚಳಕ್ಕೆ ಕೀಲುಗಳನ್ನು ಮುಂದಿನ ಅಂಚಿನಲ್ಲಿಯೇ ಕೂರಿಸುವುದು ವಾಡಿಕೆ. ಮರೆತು ತೆರೆದಿಟ್ಟಿದ್ದರೂ ಎದುರಿನಿಂದ ಅಪ್ಪಳಿಸುವ ಅಲೆಯೇ ಅದನ್ನು ಮುಚ್ಚಿಬಿಡುತ್ತದೆ. ಕೀಲು ಹಿಂದಿನ ಅಂಚಿನಲ್ಲಿದ್ದರೆ ಅದೇ ಅಲೆ ಮುಚ್ಚಳವನ್ನು ಎತ್ತಿ, ನೀರನ್ನು ಒಳಗೆ ಸುರಿಯುತ್ತದೆ. ಅಂಗೈಯಗಲದ ಲೋಹದ ತುಂಡನ್ನು ಎಲ್ಲಿ ಬಿಗಿಯಬೇಕೆಂಬ ತಿಳಿವಳಿಕೆಯಲ್ಲಿ ಎಷ್ಟು ಜೀವಗಳ ಭಾರವಿದೆ!

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಇಂದು ಮುಚ್ಚಳ, ನಾಳೆ ತೊಲೆ, ನಾಡಿದ್ದು ಪಕ್ಕದ ಹಲಗೆ. ಹೀಗೆ ಒಂದೊಂದಾಗಿ ಬದಲಾದರೆ ಸೈನಿಕರನ್ನು ಹೊತ್ತು ತಂದ ದೋಣಿ ಯಾವುದು? ನಮ್ಮ ಊರಿನ ತೇರಿನ ಚಕ್ರ ಬದಲಾದರೂ ತೇರು ಅಜ್ಜನ ಕಾಲದ್ದೇ ಎನ್ನುತ್ತೇವೆ. ಆದರೂ ಆ ಮಾತಿಗೆ ಒಂದು ಮಿತಿಯುಂಟು. ಆದುದರಿಂದಲೇ ಹಳೆಯ ದೋಣಿಗಳನ್ನು ಪ್ರೀತಿಸುವವರು ಮೂಲೆ ಮಾತ್ರ ಕೊಳೆತಿದ್ದರೆ ಆ ಮೂಲೆಯನ್ನಷ್ಟೇ ಕತ್ತರಿಸಿ ಹೊಸ ತುಂಡನ್ನು ಕೂಡಿಸುತ್ತಾರೆ. ಹಳೆಯ ಕೀಲು, ಹಿಡಿಕೆಗಳನ್ನು ತೊಳೆದು ಮತ್ತೆ ಬಳಸುತ್ತಾರೆ. ಹೊಸ ಹಲಗೆಯ ಅಡಿಮೈಯಲ್ಲಿ ಅದನ್ನು ಜೋಡಿಸಿದ ಇಸವಿಯನ್ನು ಕೆತ್ತುತ್ತಾರೆ. ಹೊಸದನ್ನು ಹಳೆಯದೆಂದು ನಂಬಿಸುವ ಆಸೆ ಅಲ್ಲಿಲ್ಲ. ಮುಂದೊಂದು ದಿನ ಇನ್ನೊಬ್ಬ ಬಡಗಿ ಆ ಮುಚ್ಚಳವನ್ನೆತ್ತಿದಾಗ, ತನಗಿಂತ ಮುಂಚೆಯೂ ಒಬ್ಬನು ಈ ದೋಣಿ ಮುಳುಗದಿರಲೆಂದು ಇಲ್ಲಿ ಮೊಣಕಾಲೂರಿ ಕುಳಿತಿದ್ದನೆಂಬುದು ಅವನಿಗೆ ತಿಳಿಯುತ್ತದೆ.